ತೂತು ಮುಚ್ಚುವುದಕ್ಕೊಂದು ಇಂಗ್ಲಿಷ್ ಶಬ್ದ

ಕಳೆದ ತಿಂಗಳು ನನ್ನ ಕೋಣೆಯ ಬಲ್ಬು ಸುಟ್ಟಿತು. ಕುರ್ಚಿ ಹತ್ತಿ ಅದನ್ನು ಕಳಚಿ, ಎಲ್ಲರೂ ಮಾಡುವ ಹಾಗೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ತುಂಡಾದ ತಂತಿ ಕಿಣಿಕಿಣಿ ಎಂದಿತು. ಸುಟ್ಟ ಬಲ್ಬನ್ನು ಎಸೆಯಬೇಕೆಂಬುದರಲ್ಲಿ ವಾದಕ್ಕೆ ಜಾಗವೇ ಇಲ್ಲ. ಆದರೂ ಕೈ ಬರಲಿಲ್ಲ. ಮುಂಬೈಯ ದಾದರಿನಲ್ಲಿ ನಾವಿದ್ದ ಚಾಳಿನಲ್ಲಿ, ಒಂದೇ ಗ್ಯಾಲರಿಗೆ ಬಾಗಿಲು ತೆರೆಯುವ ಸಾಲುಮನೆಗಳ ಆ ಬಿಲ್ಡಿಂಗಿನಲ್ಲಿ, ಸುಮಾರು ಹತ್ತು ವರ್ಷಗಳ ಹಿಂದೆ ಸುಟ್ಟ ಬಲ್ಬನ್ನು ಯಾರೂ ಎಸೆಯುತ್ತಿರಲಿಲ್ಲ. ಮೂರನೆಯ ಮಾಳಿಗೆಯ ಅಕ್ಕನಿಗೆ ಕೊಡುತ್ತಿದ್ದರು. ಅವರು ಅದನ್ನು ಹರಿದ ಕಾಲುಚೀಲದೊಳಗೆ ತೂರಿಸಿ, ತೂತು ಗಾಜಿನ ಗುಂಡುಬೆನ್ನಿನ ಮೇಲೆ ಬರುವಂತೆ ಬಿಗಿದು ಹಿಡಿದು, ಗ್ಯಾಲರಿಯ ಬೆಳಕಿಗೆ ಮುಖ ಮಾಡಿ ಹೊಲಿಯಲು ಕೂರುತ್ತಿದ್ದರು. ಸೂಜಿಯ ಮೊನೆ ಗಾಜಿಗೆ ತಾಗಿದಾಗಲೆಲ್ಲ ಟಿಕ್ ಎನ್ನುವ ಸಣ್ಣ ಸದ್ದು…

ಅವರು ಉಡುಪಿ ಕಡೆಯವರು. ಮದುವೆಯಾಗಿ ಸ್ವಲ್ಪ ದಿನಕ್ಕೇ ಗಂಡ ತೀರಿಕೊಂಡಿದ್ದರಿಂದ ಮುಂಬೈಗೆ ಅಣ್ಣನ ಮನೆಗೆ ಬಂದವರು. ಅಣ್ಣ ಸ್ಟೇಷನ್ ಹತ್ತಿರದ ಹೋಟೆಲೊಂದರಲ್ಲಿ ಮ್ಯಾನೇಜರು. ಇದ್ದದ್ದು ಒಂದು ಕೋಣೆ, ಒಂದು ಅಡಿಗೆಮನೆ. ಅಕ್ಕ ಮಲಗುತ್ತಿದ್ದದ್ದು ಅಡಿಗೆಮನೆಯಲ್ಲಿ. ಅವರ ಟ್ರಂಕು ನೀರಿನ ಪೀಪಾಯಿಯ ಪಕ್ಕದಲ್ಲಿ. ಆಗ ಅವರಿಗೆ ಮೂವತ್ತು ದಾಟಿತ್ತೋ ಇಲ್ಲವೋ. ಇಡೀ ಬಿಲ್ಡಿಂಗಿಗೆ ಅಕ್ಕ. ನಮ್ಮ ಅಮ್ಮ ಅವರಿಗಿಂತ ಹತ್ತು ವರ್ಷ ದೊಡ್ಡವರಾದರೂ ಅಕ್ಕ ಎಂದೇ ಕರೆಯುತ್ತಿದ್ದರು. ಇದರಲ್ಲಿ ತರ್ಕವಿಲ್ಲವೆಂದು ನಾನು ಆಗಲೇ ಅಮ್ಮನಿಗೆ ತಿಳಿಸಿಯಾಗಿತ್ತು.

ನನಗೆ ಆಗ ಕಾಲೇಜಿನ ಮೂರನೆಯ ವರ್ಷ. ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಬಂದು, ಬಾಯಿಗೆ ತಡೆಯಿಲ್ಲದಂತಾಗಿದ್ದ ಕಾಲ. ದೇವರು, ಜಾತಕ, ಮಡಿ, ಗಾಂಧಿ ಟೋಪಿ, ಯಾವುದು ಸಿಕ್ಕರೂ ಎದುರುಪಕ್ಷಕ್ಕೆ ಹೋಗಿ ನಿಲ್ಲುತ್ತಿದ್ದೆ. ಅಕ್ಕ ನನ್ನನ್ನು ಮಾಣಿ ಎಂದು ಕರೆಯುತ್ತಿದ್ದರು. ನಾವು ಮೈಸೂರು ಕಡೆಯವರು. ನಮಗೆ ಆ ಶಬ್ದ ಬಂದದ್ದೇ ಹೋಟೆಲುಗಳಿಂದ. ಆದ್ದರಿಂದ ನಾನು ಆಕ್ಷೇಪ ಎತ್ತಿದೆ: ಊರಲ್ಲಿ ಮಾಣಿ ಎಂದರೆ ಹುಡುಗನಿರಬಹುದು, ಈ ದಾದರಿನಲ್ಲಿ ಮಾಣಿ ಎಂದು ಕೂಗಿದರೆ ತಟ್ಟೆ ಎತ್ತಲು ಬರಬೇಕು. ಅವರು ಸೂಜಿಯಿಂದ ಕಣ್ಣೆತ್ತದೆ, "ನೀನು ತಟ್ಟೆ ಎತ್ತಿದ್ರೆ ನಿನ್ನ ಅಮ್ಮನಿಗಾದ್ರೂ ಸ್ವಲ್ಪ ಉಪಕಾರ ಆಗ್ತಿತ್ತು," ಎಂದರು. ನಮ್ಮ ಪರಿಚಯ ಗಟ್ಟಿಯಾದದ್ದು ಹಾಗೆ.

ಅವರ ಕೆಲಸದ ಬಗ್ಗೆ ಹೇಳಬೇಕು. ತೇಪೆ ಹಾಕುವುದು ಎಲ್ಲರಿಗೂ ಬರುತ್ತದೆ. ಅಕ್ಕ ಹಾಕುತ್ತಿದ್ದದ್ದು ರಫೂ. ಅದೇ ಬಟ್ಟೆಯ ಮಡಿಚಿದ ಅಂಚಿನ ಒಳಗಿನಿಂದ ಒಂದೊಂದೇ ನೂಲು ಎಳೆದುಕೊಂಡು, ಆ ನೂಲಿನಿಂದಲೇ ತೂತಿನ ಮೇಲೆ ಹಾಸು, ಹೊಕ್ಕು ಎರಡನ್ನೂ ಹೊಸದಾಗಿ ನೇಯುವುದು. ಮುಗಿದ ಮೇಲೆ ತೂತು ಎಲ್ಲಿತ್ತೆಂದು ಹೊಲಿಸಿಕೊಂಡವರಿಗೂ ಗೊತ್ತಾಗುತ್ತಿರಲಿಲ್ಲ. ಬಿಲ್ಡಿಂಗಿನ ಗುಮಾಸ್ತರೆಲ್ಲ ಅವರು ಮುಚ್ಚಿಕೊಟ್ಟ ಕೋಟು ಹಾಕಿಕೊಂಡೇ ಆಫೀಸಿನಲ್ಲಿ ಸಾಹೇಬರೆದುರು ನಿಲ್ಲುತ್ತಿದ್ದರು. ನಮ್ಮ ಅಪ್ಪನೂ ಅದರಲ್ಲೊಬ್ಬರು.

ಇದನ್ನು ಅವರಿಗೆ ಯಾರೂ ಕಲಿಸಿದ್ದಲ್ಲ. ಅಣ್ಣನ ಉಣ್ಣೆಯ ಕೋಟನ್ನು ಇಲಿ ಕಡಿದಾಗ ಮಾರ್ಕೆಟ್ಟಿನ ಹಿಂದೆ ಕೂರುತ್ತಿದ್ದ ರಫೂಗಾರನ ಹತ್ತಿರ ತೆಗೆದುಕೊಂಡು ಹೋಗಿದ್ದರಂತೆ. ಅಕ್ಕ ನಿಂತು ನೋಡುವುದನ್ನು ಕಂಡು ಅವನು ಬೆನ್ನು ತಿರುಗಿಸಿ ಕೂತನಂತೆ. ಅವನ ಹೊಟ್ಟೆಪಾಡಿನ ಗುಟ್ಟು, ತಪ್ಪೇನಿಲ್ಲ. ಅಕ್ಕ ಕೋಟು ಮನೆಗೆ ತಂದು, ಅವನು ಹಾಕಿದ್ದ ರಫೂವನ್ನು ಒಂದೊಂದೇ ನೂಲಾಗಿ ಬಿಚ್ಚಿ ನೋಡಿ, ಮತ್ತೆ ತಾವೇ ನೇಯ್ದು ಮುಚ್ಚಿದರಂತೆ. ಅಣ್ಣನಿಗೆ ಇವತ್ತಿಗೂ ಇದು ಗೊತ್ತಿಲ್ಲ ಎಂದು ಹೇಳಿ ತುಂಬ ಹೊತ್ತು ನಕ್ಕಿದ್ದರು. ಆ ನಗು ಈಗಲೂ… ಇರಲಿ.

ಸಾವಿರದ ಒಂಬೈನೂರ ಐವತ್ಮೂರರ ಸುಮಾರಿಗೆ ಇರಬೇಕು, ಬಾಂದ್ರಾದ ಒಂದು ಕಾನ್ವೆಂಟ್ ಶಾಲೆಗೆ ಹೊಲಿಗೆ ಟೀಚರ್ ಬೇಕಾಗಿದ್ದಾರೆಂಬ ಸುದ್ದಿ ಬಂತು. ಕೆಲಸದ ಜೊತೆಗೆ ಹಾಸ್ಟೆಲಿನಲ್ಲಿ ಒಂದು ಕೋಣೆ. ಸಂಬಳದ ಮಾತನ್ನು ಅಕ್ಕ ಕೇಳಿಸಿಕೊಂಡರೋ ಇಲ್ಲವೋ, ಕೋಣೆ ಎಂಬ ಮಾತನ್ನು ಮಾತ್ರ ಬಿಡಲಿಲ್ಲ. ಬಾಗಿಲು ಉಂಟಾ, ಒಳಗಿಂದ ಚಿಲಕ ಉಂಟಾ, ಹೊರಗಿಂದ ಬೀಗ ಹಾಕ್ಲಿಕ್ಕಾಗ್ತದಾ ಎಂದು ಸುದ್ದಿ ತಂದವರನ್ನು ಗೋಳುಹುಯ್ದುಕೊಂಡರು. ಒಂದೇ ತೊಡಕು. ಶಾಲೆ ಇಂಗ್ಲಿಷಿನದು. ಅಕ್ಕನಿಗೆ ತುಳು, ಕನ್ನಡ, ಅಷ್ಟಿಷ್ಟು ಮರಾಠಿ, ತರಕಾರಿಯವನ ಹತ್ತಿರ ಗೆಲ್ಲುವಷ್ಟು ಹಿಂದಿ ಬರುತ್ತಿತ್ತು. ಇಂಗ್ಲಿಷ್ ಇರಲಿಲ್ಲ. ಹಾಗಾಗಿ ಸಂಜೆ ಹೊತ್ತು ಗ್ಯಾಲರಿಯಲ್ಲಿ ಸ್ಟೂಲು ಹಾಕಿಕೊಂಡು ನಾನು ಅವರ ಮೇಷ್ಟ್ರಾದೆ.

ಕೆಟ್ಟ ಮೇಷ್ಟ್ರು ಎಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಶಬ್ದದ ಅರ್ಥ ಹೇಳಿ ಮುಂದೆ ಹೋಗುವುದು ಬಿಟ್ಟು, ಅದರ ವಂಶವೃಕ್ಷ ಬಿಡಿಸುತ್ತ ಕೂರುತ್ತಿದ್ದೆ. ಕಾಲೇಜಿನ ಲೈಬ್ರರಿಯ ದಪ್ಪ ನಿಘಂಟನ್ನು ಆಗಷ್ಟೇ ಕಂಡುಹಿಡಿದಿದ್ದೆ. ಮೆಂಡ್, ಎಂದರೆ ದುರಸ್ತಿ ಮಾಡು, ಎಂಬ ಶಬ್ದ ಬಂದಾಗ, ಇದರ ಬೇರು ಲ್ಯಾಟಿನ್ನಿನಲ್ಲಿದೆ, ಅಲ್ಲಿ ಅದಕ್ಕೆ ತಪ್ಪು ತೆಗೆಯುವುದು ಎಂದು ಅರ್ಥ ಎಂದೆ. ಅಕ್ಕ ಹುಬ್ಬು ಗಂಟಿಕ್ಕಿದರು.

"ಬಟ್ಟೆಯದ್ದು ಎಂಥ ತಪ್ಪು ಮಾರಾಯ? ಇಲಿಯದ್ದಲ್ವಾ?"

ಮೆಂಡ್ ಶಬ್ದ ಅವರಿಗೆ ಕೊನೆಯವರೆಗೂ ಹಿಡಿಸಲಿಲ್ಲ. ಹಿಡಿಸಿದ್ದು ಡಾರ್ನ್. ನೂಲಿನಿಂದ ನೇಯ್ದು ತೂತು ಮುಚ್ಚುವುದಕ್ಕೆ ಇಂಗ್ಲಿಷಿನಲ್ಲಿ ಬೇರೆಯೇ ಶಬ್ದವಿದೆ ಎಂದಾಗಲೇ ಅವರ ಮುಖ ಅರಳಿತ್ತು. ಅದರ ಮೂಲ ಹುಡುಕಿಕೊಂಡು ಬಾ ಎಂದು ಅವರೇ ನನ್ನನ್ನು ಲೈಬ್ರರಿಗೆ ಅಟ್ಟಿದರು. ನಿಘಂಟಿನಲ್ಲಿ ಸಿಕ್ಕಿದ್ದು ಜಗಳ. ಹಳೆಯ ಇಂಗ್ಲಿಷಿನಲ್ಲಿ ಅಡಗಿಸು ಎಂಬ ಅರ್ಥದ ಒಂದು ಶಬ್ದವಿತ್ತು, ಡಾರ್ನ್ ಅದರಿಂದ ಬಂದಿರಬಹುದು ಎಂದು ಕೆಲವರು. ಅಲ್ಲ, ಫ್ರಾನ್ಸಿನ ಹಳ್ಳಿಯ ಮಾತಿನಲ್ಲಿ ತುಂಡು ಎಂಬುದಕ್ಕಿದ್ದ ಶಬ್ದದಿಂದ ಬಂದದ್ದು ಎಂದು ಇನ್ನು ಕೆಲವರು. ಕೊನೆಗೆ, ಮೂಲ ಖಚಿತವಿಲ್ಲ. ನಾನು ಎರಡನ್ನೂ ಹೇಳಿದೆ, ಖಚಿತವಿಲ್ಲ ಎಂಬುದನ್ನು ಒತ್ತಿ ಹೇಳಿದೆ. ಅಕ್ಕ ಕೇಳಿಸಿಕೊಂಡದ್ದು ಒಂದನ್ನು ಮಾತ್ರ. ಅಡಗಿಸು. ಸೂಜಿಯನ್ನು ಸೆರಗಿಗೆ ಚುಚ್ಚಿ, ಆ ಶಬ್ದವನ್ನು ಒಂದೆರಡು ಸಲ ಬಾಯಲ್ಲಿ ಹೊರಳಿಸಿ ನೋಡಿ, ಇಂಗ್ಲಿಷಿನವರಿಗೂ ಬುದ್ಧಿ ಉಂಟು ಎಂದು ಒಪ್ಪಿದರು. ಅಮೆರಿಕದವರು ಸಿಟ್ಟು ಬಂದಾಗ ಬೈಗುಳದ ಬದಲು ಇದೇ ಶಬ್ದ ಹೇಳುತ್ತಾರಂತೆ ಎಂದು ಸುಮ್ಮನಿರಲಾರದೆ ಹೇಳಿದೆ. ಮರುದಿನದಿಂದ ನಲ್ಲಿಯಲ್ಲಿ ನೀರು ನಿಂತಾಗಲೆಲ್ಲ ಮೂರನೆಯ ಮಾಳಿಗೆಯಿಂದ ಡಾರ್ನ್ ಎಂದು ಕೇಳಿಬರತೊಡಗಿತು. ಅವರ ಅತ್ತಿಗೆ ಅದು ಯಾವುದೋ ದೇವರ ಹೆಸರಿರಬೇಕೆಂದು ತಿಳಿದಿದ್ದರು.

ಪರೀಕ್ಷೆಗೆ ಬಾಂದ್ರಾಕ್ಕೆ ಅವರನ್ನು ಕರೆದುಕೊಂಡು ಹೋದದ್ದು ನಾನೇ. ಅಣ್ಣನಿಗೆ ಮಾಹಿಮಿನಲ್ಲಿ ಯಾರನ್ನೋ ನೋಡಲು ಹೋಗುವುದಾಗಿ ಹೇಳಿದ್ದರು. ನಾನು ಗೇಟಿನ ಹತ್ತಿರ ಕಾದೆ. ಒಳಗೆ ಏನಾಯಿತೆಂದು ಮರಳುವ ದಾರಿಯಲ್ಲಿ, ಲೋಕಲ್ ರೈಲಿನ ಗದ್ದಲದಲ್ಲಿ, ಅವರು ಹೇಳಿದ್ದು ಇಷ್ಟು. ಶಾಲೆ ನಡೆಸುವ ಕ್ರೈಸ್ತ ಸನ್ಯಾಸಿನಿ, ಮದರ್, ಒಂದು ಬಿಳಿಯ ಬಟ್ಟೆಯಲ್ಲಿ ಕತ್ತರಿಯಿಂದ ತೂತು ಮಾಡಿ ಕೊಟ್ಟರು. ಕೆಂಪು ನೂಲಿನ ಉಂಡೆಯೊಂದನ್ನೂ ಪಕ್ಕದಲ್ಲಿಟ್ಟರು. ಅಕ್ಕ ಆ ಉಂಡೆಯನ್ನು ಮುಟ್ಟಲಿಲ್ಲ. ಬಟ್ಟೆಯ ಅಂಚಿನಿಂದ ನೂಲು ಎಳೆದು ತಮ್ಮ ರೀತಿಯಲ್ಲಿ ಮುಚ್ಚಿದರು. ಮದರ್ ಅದನ್ನು ಕಿಟಕಿಗೆ ಹಿಡಿದು, ತಿರುಗಿಸಿ, ಕನ್ನಡಕ ತೆಗೆದು, ಮತ್ತೆ ಹಾಕಿ ನೋಡಿದರು. ತುಂಬ ಚೆನ್ನಾಗಿದೆ ಎಂದರು. ಆಮೇಲೆ, ನನಗೆ ಏನೂ ಕಾಣುತ್ತಿಲ್ಲವಲ್ಲ, ಮಕ್ಕಳಿಗೆ ಏನನ್ನು ತೋರಿಸುತ್ತೀರಿ ಎಂದು ಕೇಳಿದರು. ಇನ್ನೊಂದು ತುಂಡು ಬಟ್ಟೆ ಕೊಟ್ಟು, ಮನೆಯಲ್ಲೇ ಕೆಂಪು ನೂಲಿನಿಂದ ಮಾಡಿ ತನ್ನಿ, ಕೆಲಸದ ಮಾತು ಆಮೇಲೆ ಎಂದು ಕಳಿಸಿದರು.

ಅಕ್ಕನಿಗೆ ಕೆನ್ನೆಗೆ ಹೊಡೆದ ಹಾಗಾಗಿತ್ತು. ಬಿಳಿಯ ಬಟ್ಟೆಯ ಮೇಲೆ ಕೆಂಪು ರಫೂ! ಕಾಣಬಾರದೆಂದೇ ಮಾಡುವ ಕೆಲಸವನ್ನು ಕಾಣುವಂತೆ ಮಾಡುವುದೆಂದರೆ ಅವರ ಪಾಲಿಗೆ ಹಾಕಿಕೊಂಡವರ ಮಾನವನ್ನು ಬೀದಿಗೆಳೆದಂತೆ.

"ನಮ್ಮ ಬಡತನವನ್ನು ಕೆಂಪು ನೂಲಲ್ಲಿ ಬರೆದು ತೋರಿಸ್ಲಿಕ್ಕುಂಟಾ? ನೀನೇ ಹೇಳು."

ನಾನು ಏನಾದರೂ ಹೇಳುವ ಮೊದಲೇ ಅವರು ಉಪಾಯವನ್ನೂ ಕಂಡುಕೊಂಡಿದ್ದರು. ಮುಂದಿನ ಸಲ ನಾನು ಜೊತೆಗೆ ಒಳಗೆ ಬರಬೇಕು. ಡಾರ್ನ್ ಶಬ್ದಕ್ಕೆ ಅಡಗಿಸು ಎಂದೇ ಅರ್ಥ, ಆದ್ದರಿಂದ ಅಕ್ಕ ಮಾಡಿದ್ದೇ ನಿಜವಾದ ಡಾರ್ನಿಂಗ್, ಕೆಂಪು ನೂಲಿನದಲ್ಲ ಎಂದು ಮದರಿಗೆ ಅವರದೇ ಭಾಷೆಯಲ್ಲಿ ವಾದ ಮಾಡಿ ಗೆಲ್ಲಬೇಕು. ಚರ್ಚೆಯಲ್ಲಿ ಇಷ್ಟೆಲ್ಲ ಕಪ್ ಗೆದ್ದಿದ್ದೀಯಲ್ಲ, ಒಂದು ನನಗೋಸ್ಕರ ಗೆಲ್ಲು ಎಂದರು.

ಆಸೆಯಾಗಲಿಲ್ಲವೆಂದರೆ ಸುಳ್ಳು. ಒಳ್ಳೆಯ ವಾದ, ಕೇಳಿದವರು ತಲೆದೂಗುವಂಥದು. ಆದರೆ ಅದರ ಕಾಲು ಗಟ್ಟಿಯಿರಲಿಲ್ಲ, ಅದು ನನಗೆ ಗೊತ್ತಿತ್ತು. ಮೊದಲನೆಯದಾಗಿ ಆ ಮೂಲವೇ ಖಚಿತವಲ್ಲ. ಖಚಿತವಾಗಿದ್ದರೂ, ಶಬ್ದ ಹುಟ್ಟಿದ ಮನೆ ಯಾವುದು ಎಂಬುದರಿಂದ ಅದು ಈಗ ಯಾವ ಮನೆಯಲ್ಲಿ ಬಾಳುತ್ತಿದೆ ಎಂದು ತೀರ್ಮಾನಿಸಲಾಗದು. ದಾದರ್ ಸ್ಟೇಷನ್ನಿನ ಮೆಟ್ಟಿಲಿಳಿಯುತ್ತ ಇದನ್ನೇ ಅವರಿಗೆ ಹೇಳಿದೆ. ಉದಾಹರಣೆಗೆ ಮಾಣಿ ಶಬ್ದವನ್ನೇ ಕೊಟ್ಟೆ: ಮೂಲದಲ್ಲಿ ಅದು ವೇದ ಕಲಿಯುವ ವಟು; ಆ ಮೂಲ ಹಿಡಿದುಕೊಂಡು ನಿಮ್ಮ ಅಣ್ಣನ ಹೋಟೆಲಿನಲ್ಲಿ ಮಾಣಿಯ ಬಾಯಲ್ಲಿ ಮಂತ್ರ ಹೇಳಿಸಲಾದೀತೇ? ಅಕ್ಕ ನಗಲಿಲ್ಲ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನನಗೆ ಇನ್ನೂ ಒಂದು ಹೇಳುವುದಿತ್ತು, ಅದೇ ಮುಖ್ಯವಾದದ್ದು.

"ಅಕ್ಕ, ರಫೂಗಾರ ಬೆನ್ನು ತಿರುಗಿಸಿ ಕೂತ. ನೀವು ಬಿಚ್ಚಿ ನೋಡಿ ಕಲಿತ್ರಿ. ಕ್ಲಾಸಿನ ಹುಡುಗೀರೆಲ್ಲ ಬಿಚ್ಚೋಕೆ ಕೂತ್ರೆ ಬಟ್ಟೆ ಉಳಿಯುತ್ತಾ? ಮದರ್ ಕೇಳಿದ್ದು ಸರಿಯಾಗೇ ಇದೆ."

ಅವರು ನನ್ನನ್ನು ಒಂದು ಗಳಿಗೆ ನೋಡಿದರು. "ನೀನು ಯಾರ ಕಡೆ?" ಎಂದಷ್ಟೇ ಕೇಳಿ, ಜನರ ನಡುವೆ ನನಗಿಂತ ಮುಂದೆ ನಡೆದುಬಿಟ್ಟರು.

ಚರ್ಚೆಯ ವೇದಿಕೆಯಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭ, ಚೀಟಿಯಲ್ಲಿ ಬರೆದುಕೊಟ್ಟಿರುತ್ತಾರೆ. ಗ್ಯಾಲರಿಯಲ್ಲಿ ಹಾಗಲ್ಲ. ಕೆಲವು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಪಾಠವೂ ನಿಂತಿತು. ಅಮ್ಮ ನನ್ನನ್ನು ಬೈದರು. ಸುಳ್ಳೇನು ಹೇಳಿದೆ ಎಂದು ನಾನು ಕೇಳಿದ್ದಕ್ಕೆ, ನಿಜ ಹೇಳೋಕೂ ಒಂದು ಮೊಖ ಬೇಕು ಕಣೋ ಎಂದರು. ಇದಕ್ಕೂ ನನ್ನ ಹತ್ತಿರ ಮರುಮಾತಿತ್ತು. ಆದರೆ ಸಂಜೆಯಾದರೆ ಗ್ಯಾಲರಿಯ ಖಾಲಿ ಸ್ಟೂಲು ಕಣ್ಣಿಗೆ ಬೀಳುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಅವರು ನಮ್ಮ ಮನೆಗೇ ಬಂದರು. ನನ್ನ ಕಡೆ ತಿರುಗಿಯೂ ನೋಡದೆ, ಅಮ್ಮನಿಗೆ ರಫೂ ಕಲಿಸುತ್ತೇನೆ ಎಂದು ಕೂತರು. ಕಾಣದ ಹೊಲಿಗೆಯನ್ನೂ ಕಲಿಸಬಹುದೆಂದು ನನಗೆ ತೋರಿಸಿಕೊಡುವುದೇ ಅವರ ಉದ್ದೇಶ. ಅದನ್ನು ತಿಳಿಯಲು ನಿಘಂಟು ಬೇಕಿರಲಿಲ್ಲ. ಬಿಳಿಯ ಪಂಚೆಯ ತುಂಡು, ಅದರದೇ ಬಿಳಿಯ ನೂಲು. ಒಂದೆಳೆಯ ಮೇಲೆ, ಒಂದೆಳೆಯ ಕೆಳಗೆ ಎಂದು ಅವರು ಹೇಳುತ್ತ ಹೋದರು. ಅಮ್ಮ ಕಣ್ಣು ಕಿರಿದು ಮಾಡಿದರು, ಬಾಗಿಲ ಬೆಳಕಿಗೆ ಸರಿದರು, ಅಪ್ಪನ ಕನ್ನಡಕ ಹಾಕಿಕೊಂಡು ನೋಡಿದರು.

"ಅಯ್ಯೋ, ನೀವು ಎಲ್ಲಿ ಚುಚ್ಚುದ್ರೋ ಅದೇ ಕಾಣ್ಸಲ್ವಲ್ಲ ಅಕ್ಕ," ಎಂದು ಕೊನೆಗೆ ಕೈಚೆಲ್ಲಿದರು. ಕಣ್ಣಲ್ಲಿ ನೀರು ಬಂದಿತ್ತು.

ಅಕ್ಕ ಮೊದಲಿನಿಂದ ಶುರುಮಾಡಿದರು. ಎರಡನೆಯ ಸಲವೂ ಅಷ್ಟೇ. ನಾನು ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡು, ಜೀವಮಾನದಲ್ಲೇ ಮೊದಲ ಸಲ, ಗೆಲ್ಲುತ್ತಿದ್ದರೂ ಬಾಯಿ ಮುಚ್ಚಿಕೊಂಡಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವರು ಎದ್ದು ಹೋದರು. ತಿರುಗಿ ಬಂದಾಗ ಕೈಯಲ್ಲಿ ಕೆಂಪು ನೂಲಿತ್ತು. ಅದನ್ನು ಸೂಜಿಗೆ ಪೋಣಿಸುವಾಗ ಅವರ ಮುಖ ಕಹಿ ಕಷಾಯ ಕುಡಿಯುವವರ ಹಾಗಿತ್ತು. ಸಂಜೆಯ ಹೊತ್ತಿಗೆ ಅಮ್ಮನೂ ತಾವಾಗಿಯೇ ಒಂದು ಸೊಟ್ಟಪಟ್ಟ ಕೆಂಪು ಚೌಕ ನೇಯ್ದಿದ್ದರು. ಅಷ್ಟು ಖುಷಿಯಾಗಿ ನಾನು ಅಮ್ಮನನ್ನು ಕಂಡದ್ದು ಕಡಿಮೆ. ಅಕ್ಕ ಆ ಚೌಕವನ್ನು ಬೆರಳಿನಿಂದ ಸವರಿ, ಒಂದು ಎಳೆ ತಪ್ಪಿದ್ದನ್ನು ಉಗುರಿನಿಂದ ತೋರಿಸಿದರು. ತಪ್ಪು ಕಾಣುತ್ತಿತ್ತು. ಅಮ್ಮ ತಾವೇ ತಿದ್ದಿದರು. ಆಗ ಅಕ್ಕ ನನ್ನ ಕಡೆ ತಿರುಗಿ, ನಾಳೆಯಿಂದ ಪಾಠ ಉಂಟು, ಪುಸ್ತಕ ತಲೆಕೆಳಗಾಗಿ ಹಿಡಿದುಕೊಂಡು ಓದುವುದನ್ನು ಬಿಡು ಎಂದರು.

ಮದರ್ ಕೊಟ್ಟಿದ್ದ ತುಂಡನ್ನು ಕೆಂಪು ನೂಲಿನಿಂದಲೇ ಮಾಡಿ ಒಪ್ಪಿಸಿದ ಮೇಲೆ ಕೆಲಸ ಸಿಕ್ಕಿತು. ಅಣ್ಣನಿಗೆ ಹೇಳಲೇಬೇಕಾಯಿತು. ಅವರು ಕೆಟ್ಟವರಲ್ಲ, ಕೂಗಾಡಲೂ ಇಲ್ಲ. ಗ್ಯಾಲರಿಯಲ್ಲಿ ನಿಂತು, ಊರಿನಲ್ಲಿ ಕೇಳಿದವರಿಗೆ ಏನು ಹೇಳಲಿ, ತಂಗಿಯನ್ನು ಪಾದ್ರಿಗಳ ಶಾಲೆಗೆ ದೂಡಿದ ಎನ್ನುವುದಿಲ್ಲವೇ, ಇಷ್ಟು ವರ್ಷ ನಿನಗೆ ನಾನು ಏನು ಕಡಿಮೆ ಮಾಡಿದ್ದೇನೆ ಎಂದು ಕೇಳಿದರು. ನಿಜವಾಗಿ ನೊಂದುಕೊಂಡೇ ಕೇಳಿದರು. ಬಿಲ್ಡಿಂಗಿನ ಅರ್ಧ ಜನ ಬಾಗಿಲ ಮರೆಯಲ್ಲಿದ್ದೆವು. ನನ್ನ ತಲೆಯಲ್ಲಿ ಅಕ್ಕನ ಪರವಾಗಿ ಆಗಲೇ ನಾಲ್ಕಾರು ಅಂಶಗಳು ಸಾಲಾಗಿ ನಿಂತಿದ್ದವು. ಬೇಕಾಗಲಿಲ್ಲ.

"ಕಡಿಮೆ ಎಂಥದ್ದೂ ಮಾಡ್ಲಿಲ್ಲ ಅಣ್ಣ," ಎಂದರು ಅಕ್ಕ. "ಅಡಿಗೆಮನೆಗೆ ಬಾಗಿಲು ಇಲ್ಲ, ಅಷ್ಟೇ."

ಅಣ್ಣ ಅಡಿಗೆಮನೆಯ ಕಡೆ ತಿರುಗಿ ನೋಡಿದರು. ಅಷ್ಟು ವರ್ಷದಲ್ಲಿ ಮೊದಲ ಸಲ ಅದನ್ನು ಕಂಡವರ ಹಾಗೆ. ಮಾರನೆಯ ವಾರ ಅಕ್ಕನ ಟ್ರಂಕನ್ನು ಟ್ಯಾಕ್ಸಿಗೆ ಏರಿಸಿ, ಬಾಂದ್ರಾಕ್ಕೆ ಬಿಟ್ಟು ಬಂದದ್ದು ಅವರೇ. ಹೋಟೆಲಿನಿಂದ ಒಂದು ಡಬ್ಬಿ ಮೈಸೂರುಪಾಕನ್ನೂ ಮದರಿಗೆಂದು ಕಟ್ಟಿಸಿಕೊಂಡು ಹೋಗಿದ್ದರಂತೆ.

ನಾನು ಒಂದೆರಡು ಸಲ ಹೋಗಿ ನೋಡಿದ್ದೇನೆ. ಕೋಣೆ ಚಿಕ್ಕದು, ಕಿಟಕಿಯಲ್ಲಿ ಸಮುದ್ರದ ಗಾಳಿ. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಹೊಲಿಗೆಯ ತರಗತಿ ಹೇಗಿದೆ ಎಂದು ಕೇಳಿದ್ದಕ್ಕೆ, ಹುಡುಗಿಯರು ಒಳ್ಳೆಯವರು, ಕೆಂಪು ಬಣ್ಣ ಕಂಡರೆ ಮಾತ್ರ ನನಗೆ ಈಗಲೂ ಆಗುವುದಿಲ್ಲ ಎಂದಿದ್ದರು. ಆಮೇಲೆ ನನ್ನ ಲಾ ಓದು, ಪರೀಕ್ಷೆ, ವಕೀಲನಾಗಿ ಕೋರ್ಟಿನ ಓಡಾಟ… ಹೋಗಬೇಕು ಹೋಗಬೇಕು ಎಂದುಕೊಳ್ಳುವುದರಲ್ಲೇ ದಿನ ಕಳೆಯಿತು. ಎರಡು ಮಳೆಗಾಲದ ಹಿಂದೆ ಅವರಿಗೆ ಜ್ವರ ಬಂದು, ಕೆಲವೇ ದಿನಗಳಲ್ಲಿ ಮುಗಿದುಹೋಯಿತು. ನಾನಾಗ ಕೆಲಸದ ಮೇಲೆ ನಾಗಪುರದಲ್ಲಿದ್ದೆ. ಬಂದ ಮೇಲೆ ಅಮ್ಮ ಹೇಳಿದರು.

ಬಲ್ಬು ಸುಟ್ಟ ಕೆಲವು ದಿನಕ್ಕೆ ಅದೇ ಶಾಲೆಯಿಂದ ಕರೆ ಬಂತು. ಮಕ್ಕಳ ಚರ್ಚಾಸ್ಪರ್ಧೆಗೆ ತೀರ್ಪುಗಾರನಾಗಿ ಬರಬೇಕೆಂದು. ಇಂಥದ್ದನ್ನು ಸಾಮಾನ್ಯವಾಗಿ ಒಪ್ಪದವನು ಒಪ್ಪಿದೆ. ಕಳೆದ ಶನಿವಾರ ಸ್ಪರ್ಧೆ ಮುಗಿದ ಮೇಲೆ ಹೊಲಿಗೆಯ ಕೋಣೆ ನೋಡಬಹುದೇ ಎಂದು ಕೇಳಿದಾಗ, ಈಗಿನ ಟೀಚರ್, ಗೋವಾ ಕಡೆಯ ಒಬ್ಬ ಹೆಂಗಸು, ನಗುತ್ತ ಕರೆದುಕೊಂಡು ಹೋದರು. ಗೋಡೆಯ ಮೇಲೆ ಗಾಜಿನ ಚೌಕಟ್ಟಿನೊಳಗೆ ಒಂದು ಬಿಳಿಯ ಬಟ್ಟೆ. ಅಕ್ಕ ಮಕ್ಕಳಿಗೆ ತೋರಿಸಲು ಮಾಡಿಟ್ಟದ್ದು. ಬಟ್ಟೆಯ ಮೇಲೆ ನೀಲಿ ನೂಲಿನ ಚೌಕಗಳು. ಒಂದೊಂದು ಚೌಕದಲ್ಲಿ ಒಂದೊಂದು ಬಗೆಯ ತೂತು, ಅದರ ಮೇಲೆ ಕೆಂಪು ನೂಲಿನ ನೇಯ್ಗೆ. ದುಂಡು ತೂತು, ಮೊಳೆಗೆ ಸಿಕ್ಕಿ ಹರಿದ ಮೂಲೆ, ಸವೆದು ಜಾಳಾದ ಮೊಣಕೈ. ಯಾವ ಎಳೆ ಯಾವುದರ ಮೇಲೆ ಹೋಗಿದೆ ಎಂದು ಬಾಗಿಲಿನಿಂದಲೇ ಕಾಣುತ್ತಿತ್ತು.

ಕೊನೆಯ ಚೌಕದಲ್ಲಿ ಏನೂ ಇರಲಿಲ್ಲ. ಸುತ್ತ ನೀಲಿ ಗೆರೆ, ನಡುವೆ ಬರಿಯ ಬಿಳಿ ಬಟ್ಟೆ. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ಟೀಚರ್, ಪಾಪ, ಅದು ಮುಗಿಯಲಿಲ್ಲ, ಅಷ್ಟರಲ್ಲಿ ಕಾಯಿಲೆ ಬಿದ್ದರು ಎಂದರು.

ಇರಬಹುದು. ಅವರು ಕಾಯಿಲೆ ಬಿದ್ದದ್ದು ವರ್ಷದ ನಡುವೆ, ನಿಜ. ಆದರೆ ಬಟ್ಟೆಯ ನಾಲ್ಕೂ ಅಂಚು ಮಡಿಚಿ ಹೊಲಿದು ಮುಗಿದಿತ್ತು. ಕೆಲಸ ಬಾಕಿಯಿರುವಾಗ ಅಂಚು ಮುಗಿಸುವವರಲ್ಲ ಅಕ್ಕ. ಒಂದು ಬದಿಯ ಮಡಿಕೆ ಉಳಿದ ಮೂರಕ್ಕಿಂತ ತುಸು ತೆಳ್ಳಗಿದ್ದಂತೆ, ಒಳಗಿನಿಂದ ನೂಲು ಎಳೆದುಕೊಂಡಂತೆ ನನಗೆ ಕಂಡಿತು. ಹಾಗಿದ್ದರೆ ಅದು ಖಾಲಿ ಚೌಕವಲ್ಲ. ಅಲ್ಲೂ ಒಂದು ತೂತಿದೆ, ತಮ್ಮ ರೀತಿಯಲ್ಲಿ ಅದನ್ನು ಮುಚ್ಚಿ, ಯಾರಿಗೂ ಹೇಳದೆ, ಅಷ್ಟೊಂದು ಕೆಂಪಿನ ನಡುವೆ ಇಟ್ಟುಹೋಗಿದ್ದಾರೆ. ಅಥವಾ ಗಾಜಿನ ಹಿಂದಿನ ಬಟ್ಟೆ ಹಾಗೆ ಕಂಡದ್ದಷ್ಟೇ. ನನಗೆ ಹಾಗೆ ಕಾಣಬೇಕೆನಿಸಿದ್ದೂ ಕಾರಣವಿರಬಹುದು. ಎರಡು ಪಕ್ಷಕ್ಕೂ ಸಾಕ್ಷ್ಯ ಸಾಲದು. ಚೌಕಟ್ಟು ತೆಗೆದು ಎಳೆ ಬಿಚ್ಚಿ ನೋಡಿದರೆ ಗೊತ್ತಾದೀತು. ಆಮೇಲೆ ಮತ್ತೆ ಮುಚ್ಚಲು ಯಾರಿಗೂ ಬಾರದು.

ಆಗಷ್ಟೇ ಕೆಳಗೆ ಮಕ್ಕಳ ವಾದಕ್ಕೆ ತೀರ್ಪು ಕೊಟ್ಟು ಬಂದಿದ್ದೆ. ಇದಕ್ಕೆ ಕೊಡಲಾಗಲಿಲ್ಲ. ಹೌದೋ ಅಲ್ಲವೋ ಎಂದು ಹೇಳಬಲ್ಲವರು ಒಬ್ಬರೇ ಇದ್ದರು. ಅವರನ್ನು ಕೇಳಲು ನಾನು ಎರಡು ವರ್ಷ ತಡವಾಗಿ ಬಂದಿದ್ದೆ.